ಹಾಯಿ ಇದ್ದದ್ದೆಲ್ಲ ಡೈಮೆಟ್ರೊಡಾನ್ ಅಲ್ಲ

ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಬೆನ್ನ ಮೇಲೆ ಉದ್ದ ಮುಳ್ಳುಗಳ ಹಾಯಿ ಹೊತ್ತಿದ್ದ ಪ್ರಾಚೀನ ಪ್ರಾಣಿ ಡೈಮೆಟ್ರೊಡಾನ್ ಅನ್ನು ಡೈನೋಸಾರ್ ಎಂದು ಬರೆದಿದ್ದೀರಲ್ಲ, ಅದು ತಪ್ಪು. ಡೈನೋಸಾರ್‌ಗಳು ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಅದು ಅಳಿದುಹೋಗಿತ್ತು. ನೋಡಲು ಹಲ್ಲಿಯ ಹಾಗಿದ್ದರೂ ನೆಂಟಸ್ತಿಕೆ ಜಾಸ್ತಿ ಇರುವುದು ನಮ್ಮಂಥ ಸಸ್ತನಿಗಳ ಜೊತೆ. ಬೆನ್ನಿನ ಹಾಯಿ ನೋಡಿ ಸುಮ್ನೆ ಹೆಸರಿಡುವುದೂ ಆಗಲ್ಲ. ಸೊಪ್ಪು ತಿನ್ನುತ್ತಿದ್ದ ಎಡಾಫೊಸಾರಸ್ ಎಂಬ ಇನ್ನೊಂದು ಪ್ರಾಣಿಗೂ ಹಾಯಿ ಇತ್ತು, ಅದರ ಮುಳ್ಳುಗಳಲ್ಲಿ ಅಡ್ಡಗೆಣ್ಣುಗಳಿರುತ್ತವೆ, ಅಷ್ಟೇ.

ನನಗೆ ಇಷ್ಟವಾದ ಕಥೆ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ್ದು. 1845ರಲ್ಲಿ ಅಲ್ಲಿ ಬಾವಿ ತೋಡುವಾಗ ಒಂದು ದವಡೆ ಸಿಕ್ಕಿತು. ಅಮೆರಿಕದ ಪಳೆಯುಳಿಕೆ ತಜ್ಞ ಜೋಸೆಫ್ ಲೀಡಿ ಅದನ್ನು ಕೆಳದವಡೆ ಎಂದುಕೊಂಡು ಬ್ಯಾತಿಗ್ನಾತಸ್, ಅಂದರೆ ಆಳದವಡೆ, ಎಂದು ಹೆಸರಿಟ್ಟರು. ಅದು ಮೇಲ್ದವಡೆ! 2015ರಲ್ಲಿ ಹಲ್ಲುಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಅದು ಡೈಮೆಟ್ರೊಡಾನ್‌ನದೇ ಒಂದು ಪ್ರಭೇದ ಎಂದು ಗೊತ್ತಾಯಿತು. ಈಗ ತಲೆನೋವು ನೋಡಿ, ಡೈಮೆಟ್ರೊಡಾನ್ ಎಂಬ ಹೆಸರನ್ನು ಇನ್ನೊಬ್ಬ ಪಳೆಯುಳಿಕೆ ತಜ್ಞ ಕೋಪ್ ಕೊಟ್ಟಿದ್ದು 1878ರಲ್ಲಿ, ಬ್ಯಾತಿಗ್ನಾತಸ್ ಅದಕ್ಕಿಂತ ಹಳೆಯದು, ನಿಯಮದ ಪ್ರಕಾರ ಹಳೆಯ ಹೆಸರೇ ಉಳಿಯಬೇಕು ಅಲ್ವಾ? ಆದರೆ ಪ್ರಾಣಿಗಳ ಹೆಸರು ನಿರ್ಧರಿಸುವ ಅಂತರರಾಷ್ಟ್ರೀಯ ಆಯೋಗ ಎಲ್ಲರಿಗೂ ಗೊತ್ತಿರುವ ಡೈಮೆಟ್ರೊಡಾನ್ ಹೆಸರನ್ನೇ ಉಳಿಸಿತು. ಒಳ್ಳೆಯದೇ ಆಯಿತು, ಬ್ಯಾತಿಗ್ನಾತಸ್ ಎಂದರೆ ನನ್ನ ನಾಲಿಗೆ ಹೊರಳುವುದಿಲ್ಲ.