ಕುಮಾರರಾಮ ಇದ್ದನಾ? ಇದ್ದ. ಆದರೆ ನನ್ನ ತಕರಾರು ಅವನಪ್ಪನ ಬಗ್ಗೆ

ಕುಮಾರರಾಮನ ಹೆಸರು ತೆಗೆದರೆ ಸಾಕು, ಕೂತವರು ಎರಡು ಪಾಲಾಗುತ್ತಾರೆ. ಒಬ್ಬರು, ಅದೆಲ್ಲ ಬಯಲಾಟದ ಕಥೆ, ಹಾಗೊಬ್ಬ ಇರಲೇ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು, ಬಾ, ಅವನ ಕುದುರೆ ಬೊಲ್ಲನ ಗೊರಸಿನ ಗುರುತೇ ತೋರಿಸ್ತೀನಿ ಅನ್ನುತ್ತಾರೆ. ಇಬ್ಬರದೂ ಗಟ್ಟಿ ದನಿ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಅವನಪ್ಪ, ಕಂಪಿಲಿಯ ರಾಜ ಕಂಪಿಲರಾಯ, ಯಾಕೆ ಸತ್ತ? ಇವತ್ತು ಅದನ್ನೇ ಸ್ವಲ್ಪ ಉದ್ದಕ್ಕೆ ಬರೀತೀನಿ. ಪುರುಸೊತ್ತಿದ್ದವರು ಓದಿ.

ಮೊದಲು ಜಗಳವಿಲ್ಲದ ಸಂಗತಿ. ಕಂಪಿಲಿ ರಾಜ್ಯ ನಿಜ. ದೇವಗಿರಿಯ ಸೇವುಣರ ಕೆಳಗೆ ನಾಯಕನಾಗಿದ್ದ ಮುಮ್ಮಡಿ ಸಿಂಗ ಅದನ್ನು ಕಟ್ಟಿದ. ಅವನ ಮಗ ಕಂಪಿಲರಾಯ ಬೆಳೆಸಿದ. ತುಂಗಭದ್ರೆಯ ದಂಡೆಯ ಕಂಪ್ಲಿ, ನದಿಯಾಚೆ ಕುಮ್ಮಟದುರ್ಗ, ಹೊಸಮಲೆದುರ್ಗ ಇವರ ನೆಲೆಗಳು. ದ್ವಾರಸಮುದ್ರದ ಹೊಯ್ಸಳ ಮೂರನೇ ಬಲ್ಲಾಳನಿಗೂ ಇವರಿಗೂ ಆಗಿಬರುತ್ತಿರಲಿಲ್ಲ. 1327ರಲ್ಲಿ ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್‌ನ ಸೇನೆ ಬಂದು ಇಡೀ ರಾಜ್ಯವನ್ನೇ ಮುಗಿಸಿತು. ಅದಾಗಿ ಒಂಬತ್ತು ವರ್ಷಕ್ಕೆ, 1336ರಲ್ಲಿ, ಅದೇ ಬಂಡೆಗಳ ನಡುವೆ ವಿಜಯನಗರ ಹುಟ್ಟಿತು. ಎಲ್ಲರೂ ವಿಜಯನಗರದ ಬಗ್ಗೆ ಮಾತಾಡುವವರೇ. ಕಂಪಿಲಿಗೆ ಪಠ್ಯಪುಸ್ತಕದಲ್ಲಿ ಒಂದು ಸಾಲು ಸಿಕ್ಕರೆ ಅದೇ ಜಾಸ್ತಿ.

ಹಂಪಿಗೆ ಹೋದವರು ಹೇಮಕೂಟ ಹತ್ತಿಯೇ ಇರುತ್ತೀರಿ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಜನ ಗುಂಪುಗುಂಪಾಗಿ ಕೂರುವ ಜಾಗ ಅದು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳಿರುವ ಗುಡಿಗಳನ್ನು ನೋಡಿ, ಗೈಡುಗಳು ಬಹಳ ವರ್ಷ ಇವು ಜೈನ ಬಸದಿ ಅಂತಲೇ ಹೇಳಿಕೊಂಡು ಬಂದರು. ಆದರೆ ಅವು ಶಿವನ ಗುಡಿಗಳು. ಅದರಲ್ಲೊಂದು ತ್ರಿಕೂಟ, ಅಂದರೆ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿ. ಅದನ್ನು ಕಟ್ಟಿಸಿದ್ದು ಮುಮ್ಮಡಿ ಸಿಂಗನ ಮಗ ವೀರ ಕಂಪಿಲದೇವ ಅಂತ ಶಾಸನವೇ ಹೇಳುತ್ತದೆ. ತೀರಿಹೋದ ತಂದೆಯ ಮತ್ತು ತನ್ನವರ ನೆನಪಿಗೆ ಮೂರು ಲಿಂಗಗಳನ್ನು ಅಲ್ಲಿ ಇಡಿಸಿದ್ದಾನೆ. ಸೆಲ್ಫಿ ತೆಗೆಯುವವರ ಬೆನ್ನ ಹಿಂದೆಯೇ ಇದೆ. ಹಂಪಿಯೆಂದರೆ ಕೃಷ್ಣದೇವರಾಯ ಮಾತ್ರ ಅಂದುಕೊಂಡವರು ಮುಂದಿನ ಸಲ ಹೋದಾಗ ಒಂದೈದು ನಿಮಿಷ ಆ ಗುಡಿಯೊಳಗೂ ಹೋಗಿ ಬನ್ನಿ.

ಇನ್ನು ಕೋಟೆ. ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಹತ್ತಿರ ಕುಮ್ಮಟದುರ್ಗ ಇವತ್ತಿಗೂ ಇದೆ. ಕೋಟೆ ಅಂದಕೂಡಲೇ ಚಿತ್ರದುರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ, ನಿರಾಸೆಯಾಗುತ್ತದೆ. ಇಲ್ಲಿ ಅರ್ಧ ಕೋಟೆ ಕಟ್ಟಿದ್ದು ಬೆಟ್ಟವೇ. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಬಿದ್ದಿವೆ. ಎಲ್ಲಿ ಸಂದಿ ಇದೆಯೋ ಅಲ್ಲಿಗೆ ಮಾತ್ರ ಕಲ್ಲು ಪೇರಿಸಿ ಗೋಡೆ ಎಬ್ಬಿಸಿದ್ದಾರೆ. ಗೋಡೆ ಮುಟ್ಟಿದರೆ ಮಧ್ಯಾಹ್ನದ ಬಿಸಿಲಿಗೆ ಕೈ ಸುಡುತ್ತದೆ. ಸುತ್ತ ಕುರುಚಲು ಗಿಡ, ಮುಳ್ಳು. ನಾನು ಹೋದಾಗ ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರು ಜೊತೆಯಾದರು. ಸುಮ್ನೆ ಕೆಣಕೋಣ ಅಂತ, "ಅಜ್ಜಾ, ರಾಮ ಖರೇನ ಇದ್ನೇನು?" ಅಂದೆ. ಅಜ್ಜ ಒಂದು ಸಲ ನನ್ನ ಕಡೆ, ಒಂದು ಸಲ ಗೋಡೆ ಕಡೆ ನೋಡಿದರು. "ಅಂವ ಇದ್ದಿಲ್ಲಂದ್ರ ಈ ಗ್ವಾಡಿ ಯಾರ್ ಕಟ್ಯಾರ ತಮ್ಮಾ?"

ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ವಾದವಾಗಿ ನಿಲ್ಲುವುದಿಲ್ಲ. ಗೋಡೆ ಇದೆ ಅಂದರೆ ಗೋಡೆ ಕಟ್ಟಿದವರು ಇದ್ದರು ಅಂತ ಅಷ್ಟೇ.

ಈ ವಾದವನ್ನು ನಂಬಿ ಯಾಮಾರಿದವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಂಗ್ಲೆಂಡಿನ ಆರ್ಥರ್ ರಾಜನನ್ನೇ ನೋಡಿ. ಅವನು ಹುಟ್ಟಿದ್ದು ಇಲ್ಲೇ ಅಂತ ಕಾರ್ನ್‌ವಾಲ್‌ನ ಟಿಂಟ್ಯಾಜೆಲ್ ಕೋಟೆಯನ್ನು ತೋರಿಸುತ್ತಾರೆ. ಜೆಫ್ರಿ ಎಂಬ ಪಾದ್ರಿ ಆ ಕಥೆಯನ್ನು ಬರೆದದ್ದು 1136ರ ಸುಮಾರಿಗೆ. ಈಗ ಅಲ್ಲಿ ಕಾಣುವ ಕೋಟೆಯನ್ನು ರಿಚರ್ಡ್ ಎಂಬ ಅರ್ಲ್ ಕಟ್ಟಿಸಿದ್ದು 1230ರ ದಶಕದಲ್ಲಿ. ಕಥೆ ಮೊದಲು, ಕೋಟೆ ಆಮೇಲೆ! ವಿಂಚೆಸ್ಟರ್‌ನಲ್ಲಿ ಗೋಡೆಗೆ ತೂಗುಹಾಕಿರುವ ಆರ್ಥರನ ದುಂಡು ಮೇಜಿನ ಮರವನ್ನು ಪರೀಕ್ಷೆ ಮಾಡಿದರೆ 13ನೇ ಶತಮಾನದ್ದು ಅಂತ ಬಂತು. ಗ್ಲ್ಯಾಸ್ಟನ್‌ಬರಿಯಲ್ಲಂತೂ 1184ರಲ್ಲಿ ಮಠ ಸುಟ್ಟುಹೋಯಿತು, 1191ರಲ್ಲಿ ಸರಿಯಾಗಿ ಅದೇ ಮಠದ ಅಂಗಳದಲ್ಲಿ ಆರ್ಥರನ ಸಮಾಧಿ ಸಿಕ್ಕಿತು. ಮಠ ಮತ್ತೆ ಕಟ್ಟಲು ದುಡ್ಡು ಬೇಕಿತ್ತು ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಆರನೇ ಶತಮಾನದಲ್ಲೇ ಬರೆದ ಗಿಲ್ಡಾಸ್ ಆ ಕಾಲದ ದೊಡ್ಡ ಯುದ್ಧದ ಮಾತಾಡುತ್ತಾನೆ, ಆರ್ಥರನ ಹೆಸರನ್ನೇ ಎತ್ತುವುದಿಲ್ಲ.

ನಮ್ಮ ರಾಮನದು ಇದಕ್ಕೆ ತದ್ವಿರುದ್ಧ. ಅವನ ಕೋಟೆ ಕಥೆಗಿಂತ ಹಳೆಯದು. ಅಪ್ಪ, ಅಜ್ಜ ಶಾಸನದಲ್ಲಿದ್ದಾರೆ. ಯುದ್ಧ ಶತ್ರುಗಳ ಬರಹದಲ್ಲೇ ಇದೆ. ಅವನ ಹೆಸರು ರಾಮನಾಥ. ಹಾವೇರಿ ಹತ್ತಿರದ ಸಂಗೂರಿನ ವಿಜಯನಗರ ಕಾಲದ ಶಾಸನದಲ್ಲಿ ಕಂಪಿಲನ ಮಗನಾಗಿ ಆ ಹೆಸರು ಬರುತ್ತದೆ. ಆಮೇಲೆ ನಂಜುಂಡ ಕವಿ 16ನೇ ಶತಮಾನದಲ್ಲಿ, ಅಂದರೆ ಸತ್ತು ಸುಮಾರು 200 ವರ್ಷಕ್ಕೆ, ಸಾಂಗತ್ಯದಲ್ಲಿ ಅವನ ಕಥೆ ಹಾಡಿದ. ಅವನ ಬೆನ್ನಿಗೆ ಇನ್ನೂ ಕೆಲವು ಕವಿಗಳು. ಮಲೆನಾಡಿನ ಕೆಲವು ಊರುಗಳಲ್ಲಿ ಇಂದಿಗೂ ಅವನ ಮರದ ಮುಖಕ್ಕೆ ಪೂಜೆಯಾಗುತ್ತದೆ. ಕಥೆಯ ಪ್ರಕಾರ ಅವನ ತಲೆಯನ್ನು ಕಡಿದು ದಿಲ್ಲಿಗೆ ಒಯ್ದರು. ಪೂಜೆಗೆ ಉಳಿದದ್ದೂ ತಲೆಯೇ. ಕಂಪಿಲಿಯಿಂದ ಅಷ್ಟು ದೂರದ ಕಾಡಿನ ಊರಿನವರಿಗೆ ಇಂಥದ್ದನ್ನು ಯಾರೂ ಅರಮನೆಯಲ್ಲಿ ಕೂತು ಹೇಳಿಕೊಟ್ಟಿರಲಾರರು. ಅಂಥವನೊಬ್ಬ ಇದ್ದ, ಹೋರಾಡಿದ, ಸತ್ತ. ಇಷ್ಟನ್ನು ನಾನು ಅನುಮಾನವಿಲ್ಲದೆ ಒಪ್ಪುತ್ತೇನೆ.

ರತ್ನಾಜಿಯ ಪ್ರಸಂಗ ಒಪ್ಪಲು ಮಾತ್ರ ಆಗುವುದಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳ್ತೀನಿ. ರಾಮ ಆಡುತ್ತಿದ್ದ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಹೋಗಿ ಬೀಳುತ್ತದೆ. ತರಲು ಹೋದವನ ಮೇಲೆ ಆಕೆ ಮೋಹಗೊಳ್ಳುತ್ತಾಳೆ. ನೀನು ನನ್ನ ತಾಯಿ ಅಂತ ಅವನು ಒಪ್ಪುವುದಿಲ್ಲ. ಆಕೆ ಕಂಪಿಲನ ಬಳಿ ಉಲ್ಟಾ ದೂರು ಹೇಳುತ್ತಾಳೆ. ಹಿಂದೆಮುಂದೆ ನೋಡದೆ ಕಂಪಿಲ ಮಗನ ತಲೆ ತೆಗೆಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ದಿಲ್ಲಿಯ ದಂಡು ಬಂದಾಗ ಅಪ್ಪ ಅಯ್ಯೋ ಮಗನೇ ಅಂತ ಅಳುತ್ತಾನೆ, ಮಗ ಎದ್ದುಬರುತ್ತಾನೆ. ಬಯಲಾಟದಲ್ಲಿ ಈ ಭಾಗ ನೋಡಬೇಕು ನೀವು. ನಿದ್ದೆ ಮಾಡುತ್ತಿದ್ದವರೂ ಎದ್ದು ಕೂರುತ್ತಾರೆ.

ಆದರೆ ಇದೇ ಕಥೆ ತೆಲುಗಿನಲ್ಲಿ ಸಾರಂಗಧರನಿಗೆ ಆಗಿದೆ. ಅಲ್ಲಿ ಚೆಂಡಿನ ಬದಲು ಪಾರಿವಾಳ, ರತ್ನಾಜಿಯ ಬದಲು ಚಿತ್ರಾಂಗಿ. ಅಶೋಕನ ಮಗ ಕುಣಾಲನಿಗೂ ಮಲತಾಯಿ ತಿಷ್ಯರಕ್ಷಿತೆಯಿಂದ ಇದೇ ಗತಿ. ಗ್ರೀಕರಲ್ಲಿ ಹಿಪ್ಪೊಲಿಟಸ್‌ಗೂ ಇದೇ. ಒಬ್ಬ ಸುಂದರ ರಾಜಕುಮಾರ ಎಳೆ ವಯಸ್ಸಿನಲ್ಲಿ ಸತ್ತ ಅಂದರೆ ಈ ಪ್ರಸಂಗವನ್ನು ತಂದು ಅವನಿಗೆ ತೊಡಿಸುವುದು ಕಥೆಗಾರರ ಹಳೇ ರೂಢಿ. ಒಂದೇ ಅಂಗಿಯನ್ನು ಊರಿನ ಮದುಮಗರಿಗೆಲ್ಲ ತೊಡಿಸಿದ ಹಾಗೆ.

ಇದರಿಂದ ಯಾರಿಗೇನು ನಷ್ಟ ಅನ್ನಬಹುದು. ಕಂಪಿಲನಿಗೆ ನಷ್ಟ. ನಾನು ಇಷ್ಟೆಲ್ಲ ಬರೆಯಲು ಕಾರಣವೇ ಅದು.

ದಿಲ್ಲಿಯ ದಂಡು ಕಂಪಿಲಿಗೆ ಬಂದದ್ದೇಕೆ? ಸುಲ್ತಾನನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದ, ಸೋತ, ಓಡಿ ಬಂದು ಕಂಪಿಲನ ಬಾಗಿಲು ತಟ್ಟಿದ. ಕಂಪಿಲ ಒಳಗೆ ಕರೆದುಕೊಂಡ. ಸುಲ್ತಾನ ಅವನನ್ನು ಒಪ್ಪಿಸು ಅಂದ. ಕಂಪಿಲ ಒಪ್ಪಿಸಲಿಲ್ಲ. ಮುಂದಿನದನ್ನು ಬರೆದವನು ನಮ್ಮವನಲ್ಲ, ಮೊರಾಕೊದಿಂದ ಬಂದ ಇಬ್ನ್ ಬತೂತ. 1334ರಲ್ಲಿ ದಿಲ್ಲಿಗೆ ಬಂದು ಅದೇ ಸುಲ್ತಾನನ ಕೈಕೆಳಗೆ ಖಾಜಿಯಾಗಿದ್ದವನು. ಕಂಪಿಲನನ್ನು ಹೊಗಳಿದರೆ ಅವನಿಗೆ ಮೂರು ಕಾಸಿನ ಲಾಭವಿಲ್ಲ.

ಅವನು ಹೇಳುವುದನ್ನು ಕೇಳಿ. ಮುತ್ತಿಗೆ ಬಿಗಿಯಾಗಿ ಕೋಟೆಯೊಳಗೆ ದವಸ ಖಾಲಿಯಾಯಿತು. ಕಂಪಿಲ ಬಹಾವುದ್ದೀನನನ್ನು ಕರೆದು, ನಾನಂತೂ ನನ್ನವರ ಜೊತೆ ಇಲ್ಲೇ ಸಾಯಲು ನಿಶ್ಚಯ ಮಾಡಿದ್ದೇನೆ, ನೀನು ಇಂಥ ರಾಜನ ಹತ್ತಿರ ಹೋಗು, ಅವನು ಕಾಪಾಡುತ್ತಾನೆ ಅಂದ. ಜೊತೆಗೆ ಜನ ಕೊಟ್ಟು ಕಳಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿದ. ರಾಣಿಯರು, ಹೆಣ್ಣುಮಕ್ಕಳು ಒಬ್ಬೊಬ್ಬರೇ ಸ್ನಾನ ಮಾಡಿ, ಗಂಧ ಬಳಿದುಕೊಂಡು, ಅವನ ಮುಂದೆ ನೆಲ ಮುಟ್ಟಿ ನಮಸ್ಕರಿಸಿ ಬೆಂಕಿಗೆ ಬಿದ್ದರು. ಮಂತ್ರಿಗಳ, ಸರದಾರರ ಹೆಂಡಂದಿರೂ ಹಾಗೇ ಮಾಡಿದರು. ಕೊನೆಗೆ ಕಂಪಿಲ ತಾನೂ ಮಿಂದು, ಗಂಧ ಹಚ್ಚಿಕೊಂಡು ಆಯುಧ ತೆಗೆದುಕೊಂಡ. ಎದೆಗವಚ ಮಾತ್ರ ಹಾಕಲಿಲ್ಲ. ಉಳಿದವರನ್ನು ಕಟ್ಟಿಕೊಂಡು ಹೊರಗೆ ಹೋಗಿ, ಕಾದಾಡಿ ಸತ್ತ.

ಎದೆಗವಚದ ಆ ಒಂದು ವಿವರದ ಮೇಲೆ ಸ್ವಲ್ಪ ನಿಲ್ಲಿ. ಬದುಕಿ ಬರುವ ಲೆಕ್ಕವೇ ಇಲ್ಲದವನು ಅವನು.

ಈಗ ನಮ್ಮ ಕಾವ್ಯದ ಕಂಪಿಲನನ್ನು ಪಕ್ಕಕ್ಕಿಡಿ. ಎಳೆ ಹೆಂಡತಿಯ ಮಾತು ಕೇಳಿ ಮಗನ ಕತ್ತು ಕಡಿಸುವ, ಆಮೇಲೆ ಗೋಳಾಡುವ ಮುದುಕ. ದಿಲ್ಲಿಯಿಂದ ಓಡಿಬಂದವನಿಗೆ ಆಶ್ರಯ ಕೊಡುವ ಪ್ರಸಂಗ ಕಾವ್ಯದಲ್ಲೂ ಇದೆ, ಆದರೆ ಅದರ ಕೀರ್ತಿಯೂ ಮಗನಿಗೇ! ಬೆಂಕಿಗೆ ಬಿದ್ದ ಹೆಂಗಸರ ಜಾಗದಲ್ಲಿ ನಮಗೆ ಎದ್ದು ಕಾಣುವವಳು ಮೋಹದ ರತ್ನಾಜಿ. ಸುಲ್ತಾನನ ಖಾಜಿ ಮರ್ಯಾದೆ ಕೊಟ್ಟು ಬರೆದವನನ್ನು ನಮ್ಮ ಕವಿಗಳು ಪೆದ್ದನನ್ನಾಗಿ ಮಾಡಿದರು. ಮಗನನ್ನು ಎತ್ತರಕ್ಕೆ ಏರಿಸಬೇಕಾದರೆ ಅಪ್ಪ ಕುಗ್ಗಲೇಬೇಕಿತ್ತಾ?

ಇನ್ನೊಂದು ತೊಡಕೂ ಇದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಕಂಪಿಲನ 11 ಜನ ಗಂಡುಮಕ್ಕಳು ಸೆರೆ ಸಿಕ್ಕರು, ಎಲ್ಲರೂ ಮುಸಲ್ಮಾನರಾದರು ಅನ್ನುತ್ತಾನೆ ಬತೂತ. ಅವರ ಮನೆತನ ನೋಡಿ, ಅವರಪ್ಪ ನಡೆದುಕೊಂಡ ರೀತಿ ನೋಡಿ, ಸುಲ್ತಾನ ಅವರಿಗೆ ಅಮೀರರ ಪದವಿ ಕೊಟ್ಟನಂತೆ. ಅವರಲ್ಲಿ ಮೂವರನ್ನು ದಿಲ್ಲಿಯಲ್ಲಿ ಅವನೇ ಕಣ್ಣಾರೆ ನೋಡಿದ್ದಾನೆ. ಒಬ್ಬ ಸುಲ್ತಾನನಿಗೆ ಕುಡಿಯುವ ನೀರಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ರಾಮನಂಥ ಮಗನ ಸುದ್ದಿಯೇ ಅಲ್ಲಿಲ್ಲ. ಹಾಗಾದರೆ ರಾಮ ಸುಳ್ಳಾ? ಇಲ್ಲ. ಆ ಕಾಲದ ಇನ್ನೊಬ್ಬ ಬರಹಗಾರ ಇಸಾಮಿ ದಿಲ್ಲಿಯ ದಂಡು ಮೊದಲ ಏಟಿಗೇ ಗೆಲ್ಲಲಿಲ್ಲ ಅನ್ನುತ್ತಾನೆ. ಕಾವ್ಯಗಳೂ ಮೊದಲು ಗೆಲುವು, ಆಮೇಲೆ ಸಾವು ಅನ್ನುತ್ತವೆ. ಕೊನೆಯ ಮುತ್ತಿಗೆಗೂ ಮುಂಚೆಯೇ ಸತ್ತ ಮಗನೊಬ್ಬ ಸೆರೆಯಾಳುಗಳ ಪಟ್ಟಿಯಲ್ಲಿ ಬರುವುದಾದರೂ ಹೇಗೆ? ನನ್ನ ಊಹೆ ಇಷ್ಟೇ: ಉಳಿದ ಅಣ್ಣತಮ್ಮಂದಿರು ದಿಲ್ಲಿಯಲ್ಲಿ ಬದುಕಿದರು, ಊರಿನ ನೆನಪಿನಲ್ಲಿ ಉಳಿದದ್ದು ಸತ್ತವನೊಬ್ಬನೇ.

ಹಾಗಂತ ಜನ ಹೇಳುವ ಕಾಲವನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದೇ ಯುದ್ಧವನ್ನು ಊರವರ ಬಾಯಲ್ಲಿ ಕೇಳಿ ಬರೆದುಕೊಂಡ. ಮುತ್ತಿಗೆ 12 ವರ್ಷ ನಡೆಯಿತು ಅಂದ, ಇಸವಿ 1230 ಅಂತ ಹಾಕಿದ. ಒಂದು ನೂರು ವರ್ಷವೇ ಹಿಂದೆಮುಂದೆ! ಆದರೆ ನದಿ ದಂಡೆಯ ಕೋಟೆ, ದಿಲ್ಲಿಯ ದಂಡು, ಒಳಗೆ ಹಸಿದು ಕೂತ ರಾಜ, ಇದ್ಯಾವುದೂ ತಪ್ಪಿಲ್ಲ. ಜನರ ನೆನಪಿನಲ್ಲಿ ಲೆಕ್ಕ ಕೆಡುತ್ತದೆ, ಪೆಟ್ಟು ಬಿದ್ದ ಜಾಗ ಮರೆಯುವುದಿಲ್ಲ.

ಬಹಾವುದ್ದೀನ್ ಏನಾದ ಅಂತ ಕೇಳ್ತೀರಿ. ಕಂಪಿಲ ಅವನನ್ನು ಕಳಿಸಿದ್ದು ಹೊಯ್ಸಳ ಬಲ್ಲಾಳನ ಹತ್ತಿರ. ಬಲ್ಲಾಳ ಅವನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ. ಸುಲ್ತಾನ ಸ್ವಂತ ಸೋದರತ್ತೆಯ ಮಗನ ಚರ್ಮ ಸುಲಿಸಿ, ಹುಲ್ಲು ತುಂಬಿಸಿ ಊರೂರು ಮೆರೆಸಿದ. ಸುಮಾರು 15 ವರ್ಷದ ನಂತರ ಅದೇ ಬಲ್ಲಾಳ, 80 ದಾಟಿದ ಮುದುಕ, ಮಧುರೆಯ ಸುಲ್ತಾನನ ಕೈಗೆ ಸಿಕ್ಕ. ಅವನ ಚರ್ಮಕ್ಕೂ ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದರು. ಅದನ್ನೂ ಬತೂತ ನೋಡಿದ್ದಾನೆ.

ಹಾಗಾಗಿ ಈ ಕಥೆಯನ್ನು ನಮ್ಮ ಧರ್ಮ, ಅವರ ಧರ್ಮ ಅಂತ ಹರಿದು ಹಂಚಿಕೊಳ್ಳಲು ಹೊರಟವರಿಗೆ ಕಷ್ಟವಿದೆ. ಶಿವಭಕ್ತ ಕಂಪಿಲ ತನ್ನದೆಲ್ಲ ಕಳೆದುಕೊಂಡದ್ದು ಒಬ್ಬ ತುರ್ಕನನ್ನು ಬಿಟ್ಟುಕೊಡದೆ. ಅವನನ್ನು ಬಿಟ್ಟುಕೊಟ್ಟದ್ದು ಇನ್ನೊಬ್ಬ ಹಿಂದೂ ರಾಜ. ಕೊಂದದ್ದು ಸ್ವಂತ ಸೋದರಮಾವನ ಮಗ. ಯಾವ ಕಡೆ ನಿಂತು ಜೈ ಅನ್ನುತ್ತೀರಿ?

ಕುಮ್ಮಟದಲ್ಲಿ ಕುಮಾರರಾಮನಿಗೆ ಜೈಕಾರ ಹಾಕುವುದಕ್ಕೆ ನನ್ನ ವಿರೋಧವಿಲ್ಲ, ನಾನೂ ಹಾಕ್ತೀನಿ. ಆದರೆ ಅಲ್ಲೊಂದು ಫಲಕ ಹಾಕುವುದಾದರೆ ಅದರಲ್ಲಿ ಕಂಪಿಲ ಯಾಕೆ ಸತ್ತ ಅನ್ನೋದನ್ನು ಬರೆಯಲಿ. ರತ್ನಾಜಿಯ ಚೆಂಡಿನ ಕಥೆಯನ್ನು ಬಯಲಾಟಕ್ಕೆ ಬಿಡಲಿ. ಇದನ್ನು ಓದುತ್ತಿರುವವರಲ್ಲಿ ಕೊಪ್ಪಳ, ಬಳ್ಳಾರಿ, ಹಾವೇರಿ, ಮಲೆನಾಡಿನ ಕಡೆಯವರು ಇದ್ದರೆ ಒಂದು ಉಪಕಾರ ಮಾಡಿ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ನಿಮ್ಮೂರಿನ ಹಾಡಿನಲ್ಲಿ ಕಂಪಿಲ ಹೇಗೆ ಸಾಯುತ್ತಾನೆ ಅಂತ ಕೇಳಿ, ಇಲ್ಲಿ ಬರೆಯಿರಿ. ರಾಮನ ಸಾವು ಎಲ್ಲರೂ ಹೇಳ್ತಾರೆ, ನನಗೆ ಅಪ್ಪನದು ಬೇಕು.