ಹಾಕಿ ಸ್ಟಿಕ್: ಬಣ್ಣ ಬೇಕಾದಷ್ಟು, ಉದ್ದ ಕೇಳಬೇಡಿ

ಹಾಕಿ ಸ್ಟಿಕ್ ಕಂಪನಿಗಳ ಸಂಶೋಧಕರು ವರ್ಷವಿಡೀ ನಿದ್ದೆಗೆಟ್ಟು ಕಂಡುಹಿಡಿಯುವುದು ಇಷ್ಟು: ಹೋದ ವರ್ಷ ಕಪ್ಪಿನ ಮೇಲಿದ್ದ ಹಸಿರು ಪಟ್ಟಿ ಈ ವರ್ಷ ಕಿತ್ತಳೆಯಾಗಬೇಕು. ‘ಪ್ರೊ’ ಇದ್ದದ್ದು ‘ಪ್ರೊ ಎಲೀಟ್’ ಆಗುತ್ತದೆ. ಬೆಲೆಗೂ ಅದೇ ಪ್ರಮಾಣದಲ್ಲಿ ಬಡ್ತಿ.

ದೊಡ್ಡವರ ಸ್ಟಿಕ್ಕೆಂದರೆ 36.5 ಇಂಚು, ತಪ್ಪಿದರೆ 37.5. ಐದಡಿ ಹುಡುಗಿಗೂ ಆರಡಿ ದಾಟಿದ ಡಿಫೆಂಡರ್‌ಗೂ ನಡುವೆ ಇರುವುದು ಒಂದೇ ಇಂಚು ಎಂದು ಕಂಪನಿಗಳು ಮನಗಂಡಿವೆ. ಹುಡುಗಿ 35 ಕೇಳಿದರೆ ಮಕ್ಕಳ ಸಾಲು ತೋರಿಸುತ್ತಾರೆ. ಅಲ್ಲಿರುವುದು ಬಹುಪಾಲು ಮರ, ಫೈಬರ್‌ಗ್ಲಾಸ್. 90 ಪರ್ಸೆಂಟ್ ಕಾರ್ಬನ್ ನಾರಿನ ಗಡುಸು ಸ್ಟಿಕ್ ಬೇಕಿದ್ದರೆ ಮೊದಲು ಎತ್ತರ ಬೆಳೆದು ಬರಬೇಕು! ದೊಡ್ಡದನ್ನೇ ಕೊಂಡು ಹಿಡಿಯ ತುದಿ ಕೊಯ್ಸಬಹುದು, ನಿಜ. ಆದರೆ ಮೇಲಿನ ತೂಕ ಹೋಗಿ ಸ್ಟಿಕ್ ತಲೆಭಾರವಾಗುತ್ತದೆ. ಹಿಡಿ ಒಳಗೆ ಪೊಳ್ಳು. ಕೊಯ್ದ ಬಾಯಿಯನ್ನು ಎಪಾಕ್ಸಿ ಅಂಟಿನಿಂದ ಮುಚ್ಚದಿದ್ದರೆ ನೀರು ಇಳಿಯುತ್ತದೆ. ವಾರಂಟಿಯಂತೂ ಗರಗಸ ಕಂಡ ಕೂಡಲೇ ಪರಾರಿ.

ಕೇಳಿದರೆ ನಿಯಮದ ಕಡೆ ಬೆರಳು ತೋರಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ತೂಕದ ಮಿತಿ 737 ಗ್ರಾಂ, ಸ್ಟಿಕ್ 51 ಮಿ.ಮೀ. ಬಳೆಯೊಳಗೆ ತೂರಬೇಕು, ಕೋಲಿನ ಬಾಗು (ಇಂಗ್ಲಿಷಿನಲ್ಲಿ ಬೋ) 25 ಮಿ.ಮೀ. ಮೀರಬಾರದು. ಸರಿ, ಉದ್ದ? 105 ಸೆಂ.ಮೀ., ಅಂದರೆ 41 ಇಂಚು ಮೀರಿ! ಎಡಚರಿಗೆ ಸ್ಟಿಕ್ ಇಲ್ಲದಿರುವುದು ಮಾತ್ರ ನಿಯಮದ್ದೇ ತಪ್ಪು. ಚಪ್ಪಟೆ ಮುಖ ಎಡಬದಿಗೇ ಇರಬೇಕಂತೆ.

ಅಸಲಿ ಕಾರಣ ಅಚ್ಚು. ಕಾರ್ಬನ್, ಅರಾಮಿಡ್, ಗಾಜಿನ ನಾರುಗಳನ್ನು ಎಪಾಕ್ಸಿಯೊಂದಿಗೆ ಪದರ ಪದರವಾಗಿ ಸುತ್ತಿ, ಲೋಹದ ಅಚ್ಚಿನಲ್ಲಿಟ್ಟು, ಒಳಗಿಂದ ಗಾಳಿಯೊತ್ತಿ ಕಾಯಿಸಬೇಕು. ಮೂರು ಬಾಗು, ಎರಡು ತಲೆಯ ಆಕಾರ, ನಾಲ್ಕು ಉದ್ದ ಎಂದರೆ 24 ಬಗೆ. ಅಚ್ಚಿನ ದುಡ್ಡು ಹುಟ್ಟಬೇಕು, ಅಂಗಡಿಯವನೂ ಅಷ್ಟನ್ನೂ ತಂದಿಟ್ಟುಕೊಳ್ಳಬೇಕು. ಸ್ಟಿಕ್ಕರ್‌ಗೆ ಈ ರಗಳೆಯಿಲ್ಲ. ಪಾಕಿಸ್ತಾನದ ಸಿಯಾಲ್‌ಕೋಟ್‌ನ ಒಂದೇ ಕಾರ್ಖಾನೆಯಿಂದ ಹೊರಟ ಸ್ಟಿಕ್ಕುಗಳು ಬೇರೆ ಬೇರೆ ಬ್ರಾಂಡಿನ ಅಂಗಿ ತೊಟ್ಟು ಅಂಗಡಿಯಲ್ಲಿ ಪರಸ್ಪರ ಪೈಪೋಟಿಗಿಳಿಯುತ್ತವೆ.

ಇನ್ನು ಎಲ್ಲರ ತಲೆಗೂ ಕಟ್ಟುವುದು ಲೋ ಬೋ, ಅಂದರೆ ಬಾಗು ಕೆಳಗೆ ತಲೆಯ ಹತ್ತಿರವಿರುವ ಸ್ಟಿಕ್. ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ತಂದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಹೊಡೆಯುವವರಿಗೆ ಅದು ವರವೇ. ಹೊಸಬ ಅದರಲ್ಲಿ ನೆಲಕ್ಕೆ ಹೊಡೆಯಲು ಹೋದರೆ ಮುಖ ತುಸು ಹಿಂದಕ್ಕೆ ವಾಲಿರುವುದರಿಂದ ಚೆಂಡು ಎದುರಾಳಿಯ ಮೊಣಕಾಲಿಗೆ ಏಳುತ್ತದೆ, ಅಂಪೈರ್ ಸೀಟಿ ಊದುತ್ತಾನೆ. ಅಂಗಡಿಯವನು ‘ಪವರ್ ಜಾಸ್ತಿ ಸಾರ್’ ಎಂದದ್ದು ಸುಳ್ಳಲ್ಲ.

ಕೊಳ್ಳುವ ಮೊದಲು ಚಪ್ಪಟೆ ಮುಖ ಕೆಳಗಾಗಿ ಸ್ಟಿಕ್ಕನ್ನು ಮೇಜಿನ ಮೇಲೆ ಮಲಗಿಸಿ. ಸಂದು ಅತಿ ಹೆಚ್ಚಿರುವ ಜಾಗ ತಲೆಯ ಬುಡದಿಂದ ಎಷ್ಟು ದೂರ ಎಂದು ಅಳೆಯಿರಿ. 20 ಸೆಂ.ಮೀ. ಹತ್ತಿರವಿದ್ದರೆ ಲೋ ಬೋ, 25ರ ಆಸುಪಾಸಾದರೆ ಮಿಡ್ ಬೋ. ಮೂರು ಕಂಪನಿಗಳ ಮೂರು ‘ಕ್ರಾಂತಿಕಾರಿ’ ಬಾಗುಗಳು ಒಂದೇ ಗೆರೆಗೆ ಬಂದು ಕೂತರೆ ಗಾಬರಿಯಾಗಬೇಡಿ. ಹಸಿರು ಪಟ್ಟಿಯದು ಉಳಿದಿದೆಯಾ ಕೇಳಿ, ಅದಕ್ಕೆ ಡಿಸ್ಕೌಂಟ್ ಇರುತ್ತದೆ.