ಮಳೆಗಾಲಕ್ಕೆ ಬೈಕ್ ಎತ್ತಿಡೋರು ಮೊದಲು ನೆಲ ನೋಡಿ, ಆಮೇಲೆ ಸ್ಟ್ಯಾಂಡ್ ನೋಡಿ

ಮೇ ಕೊನೇ ವಾರ ಬಂತು ಅಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಎಲ್ಲರ ಮನೇಲೂ ಒಂದೇ ಗಡಿಬಿಡಿ. ಸೌದೆ ಒಳಗೆ ಪೇರಿಸಬೇಕು, ಹೆಂಚು ಕೈಯಾಡಿಸಬೇಕು, ಅಡಿಕೆ ಕೊಳೆರೋಗದ ಔಷಧಿಗೆ ಮೈಲುತುತ್ತ ಸುಣ್ಣ ತಂದಿಡಬೇಕು. ನಂಗೆ ಇದರ ಜೊತೆ ಇನ್ನೊಂದು ಕೆಲಸ, ದೊಡ್ಡ ಬೈಕನ್ನ ಸ್ಟ್ಯಾಂಡ್ ಮೇಲೆ ಎತ್ತಿಡೋದು. ಮೃಗಶಿರ ಹಿಡಿದ್ರೆ ಮಖೆ ಮಳೆ ಮುಗಿಯೋವರೆಗೂ ಅದನ್ನ ರೋಡಿಗೆ ಇಳಿಸಲ್ಲ, ಮನೆಗೆ ಬರೋ ಮಣ್ಣು ರಸ್ತೆ ಸೋಪು ಹಚ್ಚಿದ ಹಾಗೆ ಜಾರುತ್ತೆ, ಅಷ್ಟು ದಿನ ಓಡಾಟಕ್ಕೆ ಸ್ಪ್ಲೆಂಡರ್ ಸಾಕು. ಅಂದ್ರೆ ವರ್ಷದಲ್ಲಿ ಹತ್ರ ಹತ್ರ ಮೂರು ತಿಂಗಳು ಆ ಬೈಕ್ ನಿಂತಲ್ಲೇ ನಿಂತಿರುತ್ತೆ. ಹೇಗೆ ನಿಂತಿರಬೇಕು, ಯಾವುದರ ಮೇಲೆ ನಿಂತಿರಬೇಕು ಅಂತ ನಮ್ಮ ಕಡೆ ಹುಡುಗರು ಕೇಳೋದೇ ಇಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಹೊಸ ಬೈಕ್ ತಗೊಂಡ ವಾರದಲ್ಲೇ ಕ್ರಾಶ್ ಗಾರ್ಡು, ಫಾಗ್ ಲೈಟು, ಮೊಬೈಲ್ ಹೋಲ್ಡರು, ಸ್ಟಿಕ್ಕರು ಅಂತ ಹತ್ತು ಹದಿನೈದು ಸಾವಿರ ಹೋಗಿರುತ್ತೆ. ಒಂದು ಒಳ್ಳೆ ಸ್ಟ್ಯಾಂಡ್ ತಗೋಳಪ್ಪ ಅಂದ್ರೆ ಸೈಡ್ ಸ್ಟ್ಯಾಂಡ್ ಇದ್ಯಲ್ಲ ಅಣ್ಣ ಅಂತಾರೆ. ಸೈಡ್ ಸ್ಟ್ಯಾಂಡ್ ಇರೋದು ಹೋಟೆಲ್ ಮುಂದೆ ನಿಲ್ಸಿ ಕಾಫಿ ಕುಡ್ಕೊಂಡು ಬರೋಕೆ. ಬೈಕ್ ವಾರೆ ನಿಂತಿರುತ್ತೆ, ತುಂಬಾ ಬೈಕುಗಳಲ್ಲಿ ಹಾಗೆ ನಿಂತಾಗ ಎಂಜಿನ್ ಆಯಿಲ್ ಲೆವೆಲ್ಲೇ ಸರಿ ತೋರಿಸಲ್ಲ, ನೆಟ್ಟಗೆ ನಿಲ್ಸಿ ನೋಡಬೇಕು. ಹಿಂದಿನ ಗಾಲಿ ತಿರುಗಲ್ಲ, ಅಂದ್ರೆ ಚೈನ್ ಕೆಲಸ ಆಗಲ್ಲ. ಇನ್ನು ನಮ್ಮ ಅಂಗಳದಲ್ಲಿ ಮಳೆ ಹೊಡೆದು ಮಣ್ಣು ಮೆತ್ತಗಾದ ಮೇಲೆ ಆ ಸ್ಟ್ಯಾಂಡಿನ ಸಣ್ಣ ಪಾದ ರಾತ್ರಿ ಇಡೀ ಸ್ವಲ್ಪ ಸ್ವಲ್ಪಾನೇ ಇಳಿದು ಇಳಿದು ಬೆಳಿಗ್ಗೆ ಎದ್ದು ನೋಡಿದ್ರೆ ಬೈಕ್ ಮಲಗಿರುತ್ತೆ. ಅಡಿಗೆ ಒಂದು ಚಪ್ಪಟೆ ಕಲ್ಲೋ ದಪ್ಪ ತಗಡೋ ಇಟ್ಟಿದ್ರೆ ಏನೂ ಆಗ್ತಿರಲಿಲ್ಲ.

ನಂಗೆ ಸ್ಟ್ಯಾಂಡ್ ಅಂದ್ರೆ ಏನು ಅಂತ ಕಲಿಸಿದ್ದು ಅಪ್ಪನ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿ, 1961ರಿಂದ 1996ರವರೆಗೆ ನಡೆದ ಫ್ಯಾಕ್ಟರಿ ಅದು, ನಮ್ಮ ಕಡೆ ತೋಟದ ಮನೆಗಳಲ್ಲಿ ಈಗಲೂ ಯೆಜ್ಡಿ ಶಬ್ದ ಕೇಳಿದ್ರೆ ಯಾರು ಬಂದ್ರು ಅಂತ ಒಳಗಿಂದಲೇ ಹೇಳ್ತಾರೆ. ಆ ಗಾಡೀಲಿ ಗೇರ್ ಲಿವರ್ರೇ ಕಿಕ್ಕರ್ ಆಗುತ್ತೆ, ಸೆಂಟರ್ ಸ್ಟ್ಯಾಂಡ್ ಹಾಕಿ ಕಿಕ್ ಹೊಡೆಯೋದು ಅಪ್ಪನ ಬೆಳಗಿನ ಅಭ್ಯಾಸ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದಿನ ಹಿಂದಿನ ಹಿಡಿ ಹಿಡ್ಕೊಂಡು ಎಳೆದು ಎಳೆದು ಬೆವೆತು ಹೋದೆ, ಗಾಡಿ ಅಲ್ಲಾಡಲಿಲ್ಲ. ಅಪ್ಪ ಜಗುಲಿ ಇಳಿದು ಬಂದು, ಕೈಯಲ್ಲಿ ಎತ್ತಬೇಡ ಕಾಲಲ್ಲಿ ತುಳಿ ಅಂದ್ರು. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಕೆಳಗಿನ ಹಿಡಿ ಮೇಲೆ, ಬಲಗಾಲಲ್ಲಿ ಸ್ಟ್ಯಾಂಡಿನ ನಾಲಿಗೆ ನೆಲಕ್ಕೆ ಒತ್ತಿ ಗಾಡೀನ ಆ ಕಡೆ ಈ ಕಡೆ ಸ್ವಲ್ಪ ತೂಗಬೇಕು. ಎರಡೂ ಪಾದ ನೆಲ ಮುಟ್ಟಿದ್ದು ಟಕ್ ಟಕ್ ಅಂತ ಎರಡು ಸಲ ಕಾಲಿಗೇ ಗೊತ್ತಾಗುತ್ತೆ. ಆಗ ಮೈಭಾರ ಪೂರ್ತಿ ಆ ಕಾಲಿನ ಮೇಲೆ ಬಿಟ್ಟು ನೆಟ್ಟಗೆ ನಿಂತ್ಕೊಂಡ್ರೆ ಸಾಕು, ಗಾಡಿ ತಾನಾಗೇ ಹಿಂದಕ್ಕೆ ಉರುಳಿ ಸ್ಟ್ಯಾಂಡ್ ಮೇಲೆ ಕೂರುತ್ತೆ. ಒಂದೇ ಪಾದ ಮುಟ್ಟಿದಾಗ ತುಳಿದ್ರೆ ಗಾಡಿ ವಾರೆಯಾಗುತ್ತೆ, ಬೀಳೋದು ಅಲ್ಲೇ. ಆವತ್ತು ಮೂರನೇ ಸಲಕ್ಕೆ ಆಯ್ತು. ಅದೇ ಲೆಕ್ಕದಲ್ಲಿ ಈಗ 195 ಕಿಲೋ ತೂಗೋ ಕ್ಲಾಸಿಕ್ 350 ಕೂಡ ನನ್ನ ತಂಗಿ ಒಬ್ಬಳೇ ಎತ್ತಿ ನಿಲ್ಲಿಸ್ತಾಳೆ, ಅವಳ ತೂಕ 52 ಕಿಲೋ.

ಈಗಿನ ಸ್ಪೋರ್ಟ್ ಬೈಕುಗಳಲ್ಲಿ ಈ ಸೆಂಟರ್ ಸ್ಟ್ಯಾಂಡೇ ಬರಲ್ಲ. ತೂಕ ಉಳಿಯುತ್ತೆ, ತಿರುವಲ್ಲಿ ಬೈಕ್ ಮಲಗಿಸಿದಾಗ ನೆಲಕ್ಕೆ ತಾಗಲ್ಲ, ಎಂಜಿನ್ ಕೆಳಗೆ ಸೈಲೆನ್ಸರ್ ಪೆಟ್ಟಿಗೆ ಕೂರಿಸೋಕೆ ಜಾಗ ಸಿಗುತ್ತೆ, ಕಾರಣ ಎಲ್ಲ ಸರಿ ಇದೆ. ಆದ್ರೆ ಈ ಬೈಕ್ ತಗೊಳ್ಳೋರಲ್ಲಿ ರೇಸ್ ಟ್ರ್ಯಾಕಿಗೆ ಹೋಗೋರು ಎಷ್ಟು ಜನ? ಮಿಕ್ಕವರೆಲ್ಲ ಕೊಪ್ಪ, ಶೃಂಗೇರಿ, ಸಾಗರದಲ್ಲಿ ಮನೆ ಮುಂದೆ ಕೂತು ಚೈನಿಗೆ ಎಣ್ಣೆ ಹಾಕೋರು. ಬೈಕಿನ ಜೊತೆಗೇ ಸೆಂಟರ್ ಸ್ಟ್ಯಾಂಡ್ ಬೇಕೋ ಬೇಡವೋ ಅಂತ ಕೇಳಿ ಕೊಡೋ ವ್ಯವಸ್ಥೆ ಎಲ್ಲ ಕಂಪನಿಯವರೂ ಮಾಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಸಿಗೋ ಮಾಡೆಲ್ ಇದ್ರೆ ದಯವಿಟ್ಟು ಸೆಂಟರ್ ಸ್ಟ್ಯಾಂಡ್ ಇರೋದನ್ನೇ ತಗೊಳ್ಳಿ.

ಇಲ್ಲದೇ ಇದ್ರೆ ಪ್ಯಾಡಕ್ ಸ್ಟ್ಯಾಂಡ್, ಅಂದ್ರೆ ಬೇರೆಯಾಗಿ ಸಿಗೋ, ಹೊರಗಿಂದ ಸಿಕ್ಕಿಸಿ ಗಾಲಿ ಎತ್ತೋ ಸಣ್ಣ ಚಕ್ರದ ಸ್ಟ್ಯಾಂಡ್. ಇಲ್ಲೇ ನಂಗೆ ಪೆಟ್ಟು ಬಿದ್ದಿದ್ದು. ನಾಲ್ಕು ವರ್ಷದ ಹಿಂದೆ ಆನ್‌ಲೈನಲ್ಲಿ ಕಡಿಮೆ ರೇಟಿಗೆ ಸಿಕ್ತು ಅಂತ ಒಂದು ತರಿಸಿದೆ, ಹಿಂದಿನ ಗಾಲಿ ಹಿಡಿದಿರೋ ತೋಳು ಅಂದ್ರೆ ಸ್ವಿಂಗ್‌ಆರ್ಮ್ ಕೆಳಗೆ ಚಪ್ಪಟೆ ರಬ್ಬರ್ ಪ್ಯಾಡ್ ಕೊಟ್ಟು ಎತ್ತೋ ನಮೂನೆ. ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಒಬ್ಬನೇ ಇದ್ದೆ. ನೆಲ ಹಳೇ ಸಿಮೆಂಟು, ನೀರು ಹರಿದು ಹೋಗಲಿ ಅಂತ ಬಾಗಿಲ ಕಡೆ ಇಳಿಜಾರು ಮಾಡಿದ್ದು. ಎತ್ತಿದೆ, ಗಾಲಿ ಮೇಲೆ ಬಂತು, ಖುಷಿಯಾಗಿ ಚೈನ್ ಒರೆಸೋಕೆ ಕೂತೆ. ಗಾಲಿ ತಿರುಗಿಸಿದ ಹಾಗೆ ಸ್ಟ್ಯಾಂಡಿನ ಸಣ್ಣ ಚಕ್ರ ಬಾಗಿಲ ಕಡೆ ಒಂದಿಂಚು ಜರುಗಿತು, ಬಲಗಡೆ ರಬ್ಬರ್ ಪ್ಯಾಡ್ ಚೈನ್ ಅಡ್ಜಸ್ಟರ್ ಹತ್ರ ಜಾರಿ ತಪ್ಪಿಸ್ಕೊಂಡಿತು, 160 ಕಿಲೋ ಮೇಲಿನ ಗಾಡಿ ಆ ಕಡೆ ಮಗುಚಿ ಬಿತ್ತು. ನಾನು ಎಡಗಡೆ ಕೂತಿದ್ದಕ್ಕೆ ಉಳಿದೆ. ಬ್ರೇಕ್ ಲಿವರ್ ಬಗ್ಗಿತ್ತು, ಟ್ಯಾಂಕಿಗೆ ಗುದ್ದು, ಸ್ಟ್ಯಾಂಡಿನ ಒಂದು ತೋಳು ವೆಲ್ಡಿಂಗ್ ಹತ್ರ ಸೀಳಿತ್ತು. ಒಳಗಿಂದ ನೋಡಿದ್ರೆ ಪೈಪ್ ಗೋಡೆ ಎಷ್ಟು ತೆಳ್ಳಗಿತ್ತು ಅಂದ್ರೆ ಕೊಡೆ ಕಡ್ಡಿ ನೆನಪಾಯ್ತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ ನಂಗೆ, ದುಡ್ಡಿನ ಚಿಂತೆಗಲ್ಲ, ಸಂಜೆ ಹೊತ್ತು ಆ ಬಲಗಡೆಗೇ ಅಣ್ಣನ ಮಗ ಬಂದು ಕೂರ್ತಾ ಇದ್ದ.

ಆಮೇಲೆ ತಗೊಂಡಿದ್ದು ಸ್ಪೂಲ್ ಮೇಲೆ ಎತ್ತೋದು. ಸ್ಪೂಲ್ ಅಂದ್ರೆ ಸ್ವಿಂಗ್‌ಆರ್ಮಿಗೆ ಎರಡೂ ಕಡೆ ಬೋಲ್ಟ್ ಹಾಕಿ ಕೂರಿಸೋ ದಾರದ ಉಂಡೆ ಥರದ ಗುಂಡಿ, ಸ್ಟ್ಯಾಂಡಿನ ಕೊಕ್ಕೆ ಅದರ ನಡುವಿನ ಕಂಠಕ್ಕೆ ಹೋಗಿ ಕೂರುತ್ತೆ, ಪಕ್ಕಕ್ಕೆ ಜಾರೋಕೆ ದಾರಿ ಇಲ್ಲ. ನಿಮ್ಮ ಬೈಕಿಗೆ ಆ ಬೋಲ್ಟಿನ ತೂತು ಇದ್ಯಾ ನೋಡಿ, ಸೈಜು ಬೈಕಿಂದ ಬೈಕಿಗೆ 6, 8, 10 ಮಿಲಿಮೀಟರ್ ಹೀಗೆ ಬೇರೆ ಬೇರೆ, ಅಳೆಯದೇ ತರಿಸಬೇಡಿ. ತೂತು ಇದ್ರೆ ಕಣ್ಣು ಮುಚ್ಚಿ ಸ್ಪೂಲ್ ಕಡೆ ಹೋಗಿ, ಇಲ್ಲದೇ ಇದ್ರೆ ಮಾತ್ರ ರಬ್ಬರ್ ಪ್ಯಾಡ್, ಅದೂ ಸ್ವಿಂಗ್‌ಆರ್ಮ್ ಕೆಳಗಡೆ ಚಪ್ಪಟೆ ಇದ್ದಾಗ. ಹಿಡಿಕೆ ಉದ್ದ ಇದ್ದಷ್ಟೂ ಎತ್ತೋದು ಹಗುರ, ಅಗಲ ಅಡ್ಜಸ್ಟ್ ಆಗಬೇಕು, ಚಕ್ರ ದೊಡ್ಡದಿರಬೇಕು. ಬೆಂಗಳೂರಿಗೆ ಹೋಗೋರು ಗಾಡಿ ಬಿಡಿಭಾಗದ ಅಂಗಡಿಗಳಿರೋ ಜೆಸಿ ರೋಡಲ್ಲಿ ಕೈಯಲ್ಲಿ ಹಿಡಿದು ನೋಡಿ ತಗೊಂಡ್ರೆ ಇನ್ನೂ ವಾಸಿ, ವೆಲ್ಡಿಂಗ್ ಕಣ್ಣಿಗೆ ಕಾಣುತ್ತೆ, ಪೈಪ್ ತೂಕ ಕೈಗೆ ಗೊತ್ತಾಗುತ್ತೆ.

ಆದ್ರೆ ಅದಕ್ಕೂ ಮುಂಚೆ ನೆಲ. ಸಗಣಿ ಸಾರಿಸಿದ ನೆಲದಲ್ಲಿ ಚಕ್ರ ಹೂತು ಹೋಗುತ್ತೆ, ಕಾವಿ ನೆಲದಲ್ಲಿ ಒಂದು ಹನಿ ಎಣ್ಣೆ ಬಿದ್ರೂ ಜಾರುತ್ತೆ, ಇಳಿಜಾರಿನಲ್ಲಿ ಏನಾಗುತ್ತೆ ಮೇಲೇ ಹೇಳಿದೆ. ನಾನು ಶೆಡ್ಡಲ್ಲಿ ಆರಡಿ ಉದ್ದ ಮೂರಡಿ ಅಗಲದ ಜಾಗ ಮಟ್ಟ ನೋಡಿ ಕಾಂಕ್ರೀಟ್ ಹಾಕಿಸಿದೆ, ಮೇಲೆ ಒರಟು ರಬ್ಬರ್ ಮ್ಯಾಟ್. ಮಟ್ಟ ಇದ್ಯಾ ಅಂತ ನೋಡೋಕೆ ಗೋಲಿ ಸಾಕು, ಇಟ್ಟಲ್ಲೇ ನಿಂತ್ರೆ ಆಯ್ತು.

ಎತ್ತುವಾಗ ಇಬ್ಬರಿರಿ, ಒಬ್ಬರು ಮುಂದೆ ಹ್ಯಾಂಡಲ್ ನೆಟ್ಟಗೆ ಹಿಡ್ಕೊಂಡು ನಿಂತ್ರೆ ಸಾಕು. ಒಬ್ಬರೇ ಇದ್ರೆ ಮುಂದಿನ ಬ್ರೇಕ್ ಲಿವರನ್ನ ಟ್ಯೂಬಿನ ತುಂಡಲ್ಲಿ ಬಿಗಿಯಾಗಿ ಕಟ್ಟಿ, ಗಾಡಿ ಮುಂದಕ್ಕೆ ಉರುಳಲ್ಲ. ಸೈಡ್ ಸ್ಟ್ಯಾಂಡ್ ಕೆಳಗೆ ಬಿಟ್ಟೇ ಇರಲಿ, ಗಾಡಿ ಮೇಲಿರೋ ಅಷ್ಟು ಹೊತ್ತೂ. ಇಳಿಸುವಾಗ ಸೈಡ್ ಸ್ಟ್ಯಾಂಡ್ ಮಡಚಿರೋದು ನೆನಪಿಲ್ಲದೆ ಎಷ್ಟೋ ಬೈಕ್ ಬೀಳುತ್ತೆ. ಎರಡೂ ಕೊಕ್ಕೆ ಸ್ಪೂಲಿಗೆ ಕೂತಿದ್ಯಾ ಬಗ್ಗಿ ಕಣ್ಣಲ್ಲಿ ನೋಡಿ, ಆಮೇಲೆ ಹಿಡಿಕೆ ಮೇಲೆ ಮೈಭಾರ ಹಾಕಿ ನಿಧಾನಕ್ಕೆ ಕೆಳಗೆ ಒತ್ತಿ, ಜಗ್ಗಬೇಡಿ. ಮುಂದಿನ ಗಾಲೀನೂ ಎತ್ತಬೇಕು ಅಂದ್ರೆ ಹಿಂದಿನದು ಮೊದಲು ಹಾಕಿ, ತೆಗೆಯುವಾಗ ಮುಂದಿನದು ಮೊದಲು ತೆಗೀರಿ, ಈ ಕ್ರಮ ಯಾವತ್ತೂ ತಪ್ಪಿಸಬೇಡಿ. ಮುಂದಿನ ಸ್ಟ್ಯಾಂಡಲ್ಲೂ ಎರಡು ಜಾತಿ, ಮುಂದಿನ ಗಾಲಿ ಹಿಡಿದಿರೋ ಫೋರ್ಕಿನ ಬುಡಕ್ಕೆ ಕೊಟ್ಟು ಎತ್ತೋದು ಒಂದು, ಹ್ಯಾಂಡಲ್ ಕೆಳಗೆ ಸ್ಟೀರಿಂಗ್ ಕಂಬದ ತೂತಿಗೆ ಪಿನ್ ಕೊಟ್ಟು ಎತ್ತೋದು ಇನ್ನೊಂದು. ಫೋರ್ಕ್ ಬಿಚ್ಚೋ ಕೆಲಸ ಇದ್ರೆ ಎರಡನೇದೇ ಬೇಕು. ಸುಮ್ನೆ ಮೂರು ತಿಂಗಳು ಇಡೋಕೆ ಹಿಂದಿನದೊಂದು ಸಾಕು ಅಂತ ನನ್ನ ಅನುಭವ, ಮುಂದಿನ ಟೈರಿಗೆ ಗಾಳಿ ಪೂರ್ತಿ ಹಾಕಿ ಅಡಿಗೆ ಒಂದು ಮರದ ಹಲಗೆ ಕೊಟ್ಟುಬಿಡಿ.

ಒಂದು ಮಾತು ಕೈಮುಗಿದು ಹೇಳ್ತೀನಿ. ಹಿಂದಿನ ಗಾಲಿ ಮೇಲಿದೆ ಅಂತ ಎಂಜಿನ್ ಸ್ಟಾರ್ಟ್ ಮಾಡಿ, ಫಸ್ಟ್ ಗೇರಿಗೆ ಹಾಕಿ, ಓಡೋ ಚೈನಿಗೆ ಬಟ್ಟೆ ಹಿಡಿಯೋ ಕೆಲಸ ಯಾರೂ ಮಾಡಬೇಡಿ. ನಮ್ಮೂರ ಪಕ್ಕದ ಹುಡುಗ ಹಾಗೇ ಮಾಡಿದ, ಬಟ್ಟೆ ಚೈನ್ ಸುತ್ತೋ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್) ಸಿಕ್ಕು ಕೈ ಒಳಗೆ ಎಳ್ಕೊಂಡಿತು, ಎರಡು ಬೆರಳಿನ ತುದಿ ಹೋಯ್ತು. ಈಗ ಅಡಿಕೆ ಸುಲಿಯೋಕೆ ಕೂತಾಗ ಅವನು ಕತ್ತಿ ಮುಂದೆ ಪ್ರತಿ ಅಡಿಕೇನೂ ಎರಡೆರಡು ಸಲ ಹಿಡ್ಕೊಳ್ಳೋದು ನೋಡಿದ್ರೆ ಕರುಳು ಕಿತ್ತು ಬರುತ್ತೆ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಕೀಲಿ ಜೇಬಲ್ಲಿ, ಗಾಲಿ ಕೈಯಲ್ಲೇ ಹಿಂದಕ್ಕೆ ತಿರುಗಿಸಿ. ಹತ್ತು ನಿಮಿಷ ಜಾಸ್ತಿ ಆಗುತ್ತೆ ಅಷ್ಟೇ. ಓ-ರಿಂಗ್ (ಕೊಂಡಿಗಳ ನಡುವಿನ ರಬ್ಬರ್ ಉಂಗುರ) ಇರೋ ಚೈನಿಗೆ ಪೆಟ್ರೋಲ್ ಹಾಕಿ ತೊಳೀಬೇಡಿ, ರಬ್ಬರ್ ಹಾಳಾಗುತ್ತೆ. ಚೈನ್ ಎಷ್ಟು ಸಡಿಲ ಇರಬೇಕು ಅನ್ನೋದು ಯಾವ ಸ್ಟ್ಯಾಂಡ್ ಮೇಲೆ ಅಳೀತೀರಿ ಅನ್ನೋದರ ಮೇಲೂ ಹೋಗುತ್ತೆ, ಸೆಂಟರ್ ಸ್ಟ್ಯಾಂಡಲ್ಲಿ ಸ್ವಿಂಗ್‌ಆರ್ಮ್ ಕೆಳಗೆ ನೇತಾಡ್ತಿರುತ್ತೆ, ಪ್ಯಾಡಕ್ಕಲ್ಲಿ ಹಾಗಲ್ಲ, ಹಾಗಾಗಿ ಬೈಕಿನ ಪುಸ್ತಕದಲ್ಲಿ ಯಾವ ಸ್ಟ್ಯಾಂಡ್ ಅಂತ ಬರೆದಿದ್ಯೋ ಹಾಗೇ ಅಳೀರಿ.

ಇನ್ನು ಎತ್ತಿಡೋ ವಿಷಯ. ಯೂಟ್ಯೂಬ್ ತುಂಬಾ ಇರೋದು ಚಳಿ ದೇಶದವರ ಲೆಕ್ಕ. ಜರ್ಮನಿಯಲ್ಲಿರೋ ನನ್ನ ಕ್ಲಾಸ್‌ಮೇಟ್ ಒಬ್ಬನ ಬೈಕಿನ ನಂಬರ್ ಪ್ಲೇಟಲ್ಲೇ 04, 10 ಅಂತ ಇದೆ, ಏಪ್ರಿಲಿಂದ ಅಕ್ಟೋಬರ್ ತನಕ ಮಾತ್ರ ರೋಡಿಗೆ ಅಂತ ಅರ್ಥ, ಮಿಕ್ಕ ತಿಂಗಳು ನೆಲಮಾಳಿಗೆ ಪಾರ್ಕಿಂಗಲ್ಲಿ ಸ್ಟ್ಯಾಂಡ್ ಮೇಲೆ. ಅವನಿಗೆ ಎಂಜಿನ್ ತಣ್ಣಗಿಡೋ ಕೂಲೆಂಟ್ ಹೆಪ್ಪುಗಟ್ಟೋ ಚಿಂತೆ, ನಮಗೆ ತೇವದ ಚಿಂತೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ಪೆಟ್ಟಿಗೆಯಲ್ಲಿಟ್ಟ ಬೆಲ್ಟಿಗೂ ಬೂಸಲು ಬರುತ್ತೆ, ಬೈಕ್ ಯಾವ ಲೆಕ್ಕ.

ಹಾಗಾಗಿ ತಾರ್ಪಾಲ್ ಬಿಗಿದು ಕಟ್ಟಬೇಡಿ, ಗೋಣಿಚೀಲ ಹೊದಿಸಬೇಡಿ, ಗೋಣಿ ನೀರು ಹೀರ್ಕೊಂಡು ಹಾಗೇ ಹಿಡ್ಕೊಳ್ಳುತ್ತೆ, ಅಪ್ಪನ ಯೆಜ್ಡಿ ಮಡ್‌ಗಾರ್ಡ್ ತೂತು ಬಿದ್ದಿದ್ದು ಅದರಿಂದಲೇ. ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ, ಅಡಿಯಿಂದ ಗಾಳಿ ಆಡಲಿ. ತೊಳೆದ ಮೇಲೆ ಒಂದು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ ಒಣಗಿಸಿಯೇ ಸ್ಟ್ಯಾಂಡ್ ಹಾಕಿ. ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದಷ್ಟೂ ಒಳಗೆ ನೀರಿನ ಪಸೆ ಕಟ್ಟುತ್ತೆ, 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಉದ್ಘಾಟನೆ ಆದ ಇ20 ಪೆಟ್ರೋಲಲ್ಲಿ ಎಥನಾಲ್ ಜಾಸ್ತಿ, ಅದು ನೀರನ್ನ ಎಳ್ಕೊಳ್ಳುತ್ತೆ. ಬ್ಯಾಟರಿ ನೆಗೆಟಿವ್ ಮೊದಲು ಬಿಚ್ಚಿ ಒಳಗೆ ತಂದಿಡಿ, ತಿಂಗಳಿಗೊಮ್ಮೆ ಮೀಟರ್ ಹಿಡೀರಿ, 12.4 ವೋಲ್ಟಿಗಿಂತ ಇಳಿದಿದ್ರೆ ಚಾರ್ಜ್ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ಉಂಡೆ, ಇಲ್ಲಾಂದ್ರೆ ಕಣಜ ಮಣ್ಣು ಗೂಡು ಕಟ್ಟುತ್ತೆ, ಕೆಂಪು ಬಟ್ಟೆ ಹಾಕಿ, ತೆಗೆಯೋದು ಮರೆಯಲ್ಲ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋ ಅಭ್ಯಾಸ ಬಿಡಿ, ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್ ಒಳಗೂ ಆಯಿಲಲ್ಲೂ ನೀರು ಉಳಿಯುತ್ತೆ.

ತೋಟದವರಿಗೆ ಮಾತ್ರ ಅನ್ವಯಿಸೋದು ಇನ್ನೊಂದಿದೆ. ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ಕೊಳೆ ಔಷಧಿ) ಡ್ರಮ್ಮು, ಮೈಲುತುತ್ತದ ಚೀಲ, ಗೊಬ್ಬರದ ಮೂಟೆ ಇರೋ ಶೆಡ್ಡಲ್ಲಿ ಬೈಕ್ ನಿಲ್ಲಿಸಲೇಬೇಡಿ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದ್ರೆ ತಿಂದು ಹಾಕುತ್ತೆ, ಒಂದು ವರ್ಷ ಔಷಧಿ ಹೊಡೆದು ಬಂದವರು ಪೈಪ್ ಸುತ್ತಿ ನನ್ನ ಸ್ಟ್ಯಾಂಡಿನ ಹಿಡಿಕೆ ಮೇಲೆ ನೇತುಹಾಕಿದ್ರು, ಪೇಂಟ್ ಕೆತ್ತಿಹೋದ ಜಾಗದಲ್ಲೆಲ್ಲ ತಾಮ್ರದ ಬಣ್ಣ ಬಂದು ಕೆಳಗೆ ತುಕ್ಕು ಹಿಡಿದಿತ್ತು. ಸ್ಟ್ಯಾಂಡನ್ನೂ ವರ್ಷಕ್ಕೊಮ್ಮೆ ನೋಡ್ಕೊಳ್ಳಿ, ವೆಲ್ಡಿಂಗ್ ಹತ್ರ ಕೂದಲಿನಷ್ಟು ಸೀಳು ಕಂಡ್ರೂ ಬಳಸಬೇಡಿ.

ಈ ಭಾನುವಾರ ನಮ್ಮ ಬೈಕ್ ಎತ್ತಿಡ್ತೀನಿ. ತೀರ್ಥಹಳ್ಳಿ, ಕೊಪ್ಪ ಸುತ್ತಮುತ್ತಲಿನವರು ಸ್ಟ್ಯಾಂಡ್ ತಗೊಳ್ಳೋ ಮುಂಚೆ ಒಂದ್ಸಲ ಎತ್ತಿ ನೋಡಬೇಕು ಅನ್ನೋರಿದ್ರೆ ನಿಮ್ಮ ಬೈಕ್ ತಗೊಂಡೇ ಬನ್ನಿ, 8 ಮತ್ತು 10 ಮಿಲಿಮೀಟರ್ ಸ್ಪೂಲ್ ಎರಡೂ ನನ್ನ ಹತ್ರ ಇದೆ, ಹಿಡ್ಕೊಳ್ಳೋಕೆ ಎರಡನೇ ಜನ ನಾನಿದ್ದೀನಿ. ಮಳೆ ಹಿಡಿದುಬಿಟ್ರೆ ಮಣ್ಣು ರಸ್ತೇಲಿ ಮೇಲೆ ಹತ್ತಿಸೋದು ಕಷ್ಟ, ಅಷ್ಟರೊಳಗೆ ಬನ್ನಿ.